ಫೂಲ್ ಬೇಡಿದ ಫಕೀರ

ಝಾವಿಯಾ, ಲಿಬಿಯಾ
೨೮ ಸೆಪ್ಟೆಂಬರ್ ೧೯೮೫

ಅವ್ವಾ,

ನಿನ್ನ ಪಾದಕ್ಕೆ ಹಣೆ ಹಚ್ಚಿ, ಎದ್ದ ಕೂಡಲೇ ಜಗಳ ತೆಗೆಯುತ್ತಿದ್ದೇನೆ, ಸಿಟ್ಟಾಗಬೇಡ.

ಇಲ್ಲೇ ಕೆಲಸಕ್ಕಿರುವ ಭೂಪಾಲಣ್ಣ ರಜೆಗೆಂದು ಅಥಣಿಗೆ ಬರುತ್ತಾನೆ, ಅವನ ಕೂಡ ಬಾಳೂನನ್ನು ತೆಲಸಂಗಕ್ಕೆ ಕಳಿಸಿಬಿಡು ಎಂದು ಬರೆಸಿದ್ದೀ. "ಮೊಮ್ಮಗಗ ಮಾತು ಬರ್ಲಿ ಅಂತ ಅಲಾಯಿ ದೇವ್ರಿಗೆ ಹರಕಿ ಹೊತ್ತಾಕಿ ನಾನು. ಐದು ವರ್ಷ ಮೊಹರಮ್ಮಿಗೆ ಫಕೀರ ಆಗಿ ಬೇಡ್ಬೇಕು. ಎರಡಕ್ಕ ಬಿಟ್ರ ಬಾಯಿ ಹೆಂಗ ಬಿಟ್ಟಾನ?" ಎಂದು. ನಾಲ್ಕು ತುಂಬಿದ ಮಗ ಒಂದು ಮಾತೂ ಆಡದಿದ್ದರೆ ಹೆತ್ತವಳಿಗೆ ಏನಾಗುತ್ತದೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಆದರೆ ಅವನನ್ನೂ ಕಳಿಸಿ ನಾನಿಲ್ಲಿ ಮರಳು ಎಣಿಸುತ್ತ ಕೂಡಲೇನು?

ಇಲ್ಲಿಯ ಮೊಹರಮ್ ಹೇಗಾಯಿತು ಕೇಳು. ಇವರು ಆಶೂರಾ ಎನ್ನುತ್ತಾರೆ. ಆಫ್ರಿಕಾದಲ್ಲಿದ್ದರೂ ಇದು ಪೂರ್ತಿ ಮುಸಲ್ಮಾನರ ದೇಶ, ಅಂದಮೇಲೆ ನಮ್ಮೂರಿಗಿಂತ ದೊಡ್ಡ ತಾಬೂತಿನ ಡೋಲಿ ಎದ್ದೀತೆಂದು ಕಾಯ್ದೆ. ಎಲ್ಲಿಯ ಡೋಲಿ! ದೇವರ ಪಂಜಾ ಇಲ್ಲ, ಕೆಂಡದ ಕುಣಿ ಇಲ್ಲ, ಹಲಗೆಯ ಸದ್ದಿಲ್ಲ. ಪಕ್ಕದ ಮನೆಯ ಮಬ್ರೂಕಾ ದೊಡ್ಡ ಪಾತ್ರೆಯಲ್ಲಿ ಕಡಲೆಯನ್ನೂ ಅವರೆಯಂಥ ದಪ್ಪ ಕಾಳನ್ನೂ ಕುದಿಸುತ್ತಿದ್ದಳು, ಅಷ್ಟೇ. ನಿನ್ನಳಿಯನ ಮುಂದೆ ಅತ್ತೆ. "ಅಲಾಯಿ ದೇವ್ರೇ ಇಲ್ಲದ ಊರಾಗ ಹರಕಿ ಯಾರಿಗೆ ಮುಟ್ಟಸೂದು?" ಎಂದೆ.

ಸಂಜೆ ಬಾಗಿಲ ಮುಂದೆ ಹುಡುಗರ ಹಿಂಡೇ ಬಂತು. ನಡುವೆ ಒಬ್ಬ ಮೈತುಂಬ ಖರ್ಜೂರದ ನಾರು ಸುತ್ತಿಕೊಂಡು, ಸೊಂಟಕ್ಕೆ ತಗಡಿನ ಡಬ್ಬಿ ಕಟ್ಟಿಕೊಂಡು ಕುಣಿಯುತ್ತಿದ್ದ; ಅವನಿಗೆ ಶಿಶ್ಬಾನಿ ಎನ್ನುತ್ತಾರಂತೆ. ಎಲ್ಲರೂ ಚೀಲ ಒಡ್ಡಿ "ಫೂಲ್, ಫೂಲ್" ಎಂದು ಕೂಗಿದರು. ನನ್ನದೋ ಗಡಿಸೀಮೆಯ ಮರಾಠಿ ಕಿವಿ. ದೇವರಿಗೆ ಹೂವು ಕೇಳುತ್ತಿದ್ದಾರೆಂದು ಕುಂಡದಲ್ಲಿದ್ದ ಚೆಂಡುಹೂವನ್ನೆಲ್ಲ ಕಿತ್ತು ಚೀಲಕ್ಕೊಂದೊಂದು ಹಾಕಿದೆ. ಹುಡುಗರು ಹೂವು ನೋಡಿದರು, ನನ್ನ ಮುಖ ನೋಡಿದರು, ಬಿದ್ದು ಬಿದ್ದು ನಕ್ಕರು.

ಮಬ್ರೂಕಾ ಓಡಿ ಬಂದು ಅಂಗೈಯಲ್ಲಿ ಆ ದಪ್ಪ ಕಾಳು ಹಿಡಿದು "ಫೂಲ್" ಎಂದಳು. ಅಯ್ಯ ನನ್ನ ಶಿವನೇ, ಇವರ ಅರಬ್ಬಿಯಲ್ಲಿ ಕಾಳಿಗೆ ಫೂಲ್ ಅಂತೆ! ಆಶೂರಾ ದಿನ ಮಕ್ಕಳು ಮನೆಮನೆಗೆ ಹೋಗಿ ಅದನ್ನು ಬೇಡುತ್ತಾರೆ, ಕೊಡದಿದ್ದವಳ ಗಂಡನಿಗೆ ಹುಚ್ಚು ಹಿಡಿಯುತ್ತದೆಂದು ಚಾಷ್ಟಿ ಮಾಡುತ್ತಾರೆ ಎಂದು ನಿನ್ನಳಿಯ ಬಿಡಿಸಿ ಹೇಳಿದರು. ಮನೆಮನೆ ಬೇಡುವುದು! ನಮ್ಮ ಫಕೀರನ ಕೆಲಸ ಮತ್ತೇನು?

ನೀನು ಕಟ್ಟಿಕೊಟ್ಟ, ಫಕೀರರು ಹಾಕಿಕೊಳ್ಳುವ ಕೆಂಪು ದಾರದ ಲಾಡಿಯನ್ನು ಪೆಟ್ಟಿಗೆಯಿಂದ ತೆಗೆದು ಬಾಳೂನ ಕೊರಳಿಗೆ ಹಾಕಿದೆ. ಕೈಗೆ ಚೀಲ ಕೊಟ್ಟು ಆ ಹುಡುಗರ ಕೂಡ ಬಿಟ್ಟು ಹಿಂದೆ ಹಿಂದೆ ನಡೆದೆ. ಒಂದು ಮನೆಯ ಮುದುಕಿ ಎಲ್ಲರಿಗೂ ಹಾಕಿ, ಇವನ ಚೀಲದ ಮುಂದೆ ಮಾತ್ರ ಕೈ ತಡೆದಳು. ಎಲ್ಲರಂತೆ ನೀನೂ ಕೂಗು ಎಂದು ನಗುತ್ತ ಕಾದಳು. ಅವಳಿಗೇನು ಗೊತ್ತು, ಪಾಪ. ನನಗೆ ತಡೆಯಲಾಗದೆ ಮಗನನ್ನು ಎತ್ತಿಕೊಳ್ಳಲು ಹೋದೆ. ಅಷ್ಟರಲ್ಲಿ, ನಿನ್ನಾಣೆ ಅವ್ವಾ, ನಮ್ಮ ಬಾಳು ಚೀಲ ಮೇಲೆತ್ತಿ "ಫೂಲ್" ಅಂದ. ಮುದುಕಿ ಬೊಗಸೆ ತುಂಬ ಸುರಿದಳು. ನಾನು ಅವರ ಕಟ್ಟೆಯ ಮೇಲೆ ಕೂತು ಹೋ ಎಂದು ಅತ್ತೆ. ಹೆಂಗಸರೆಲ್ಲ ಗಾಬರಿಯಾಗಿ ನೀರು ತಂದರು.

ಹರಕೆ ಇಲ್ಲಿಂದಲೂ ಮುಟ್ಟಿತಲ್ಲ? ಇದು ಮೂರನೆಯ ವರ್ಷದ್ದಾಯಿತು, ಉಳಿದ ಎರಡು ವರ್ಷವೂ ಇಲ್ಲೇ ಬೇಡಲಿ. ಭೂಪಾಲಣ್ಣನ ಕೂಡ ಕಾಳು ಕಳಿಸುತ್ತೇನೆ, ಉಸುಳಿ ಮಾಡಿ ಓಣಿಗೆಲ್ಲ ಹಂಚು. ಹುಡುಗನನ್ನು ಮಾತ್ರ ಕಳಿಸುವುದಿಲ್ಲ.

ನಿನ್ನ ಜಗಳಗಂಟಿ ಮಗಳು,
ಕುಸುಮ

ತಾ.ಕ.: ಕಾಳಿನ ಗಂಟಿನಲ್ಲಿ ಒಂದು ಕ್ಯಾಸೆಟ್ ಇದೆ. ತಮ್ಮ ಲಗಮಣ್ಣನ ಟೇಪಿನಲ್ಲಿ ಹಾಕಿಸಿ ಕೇಳು. ಬಹಳ ಹೊತ್ತು ಏನೂ ಕೇಳಿಸುವುದಿಲ್ಲ, ಬಂದ್ ಮಾಡಬೇಡ. ನಿನ್ನ ಫೋಟೋ ಅವನ ಮುಂದಿಟ್ಟುಕೊಂಡು ನಿನ್ನೆ ಇಡೀ ಮಧ್ಯಾಹ್ನ ಕೂತಿದ್ದೆ. ಕಡೆಗೆ "ಆಯಿ" ಎಂದು ತನ್ನ ಅಜ್ಜಿಯನ್ನು, ನಿನ್ನನ್ನು, ಕರೆಯುತ್ತಾನೆ. ನನ್ನನ್ನು ಇನ್ನೂ ಕರೆದಿಲ್ಲ, ಅವ್ವಾ. ಅದಕ್ಕೇ ಕಳಿಸುತ್ತಿಲ್ಲ.