ಹನ್ನೆರಡನೆಯ ಹೆಸರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಕುಳ್ಳೀ,

ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಬೆಳೆದವಳನ್ನು ಅಮ್ಮ ಇನ್ನೂ ಇದೇ ಹೆಸರಿನಿಂದ ಕರೆಯುತ್ತಾಳಲ್ಲ ಎಂದು ಸಿಟ್ಟು ಬಂದೀತು. ಬರಲಿ. ಸಿಟ್ಟು ಮಾಡಿಕೊಂಡೇ ಓದಿ ಮುಗಿಸು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜ್ ಕಳಿಸಿದರೆ ಓದಿದ ಗುರುತು ಮಾತ್ರ ಬೀಳುತ್ತದೆ. ಕಾಗದಕ್ಕೆ ಆ ಗುರುತಿಲ್ಲ. ಓದಿದೆಯೋ ಹರಿದೆಯೋ ನನಗೆ ಗೊತ್ತಾಗುವುದಿಲ್ಲ, ಅದೇ ವಾಸಿ.

ಮನೆಯಲ್ಲಿ ಎಲ್ಲ ಎಂದಿನಂತೆಯೇ ಇದೆ. ನಾನು ಶಾಲೆಗೆ ಹೋಗುತ್ತೇನೆ, ಸೀಟಿ ಊದುತ್ತೇನೆ, ಮಕ್ಕಳನ್ನು ಓಡಿಸುತ್ತೇನೆ, ಬರುತ್ತೇನೆ. ಅಪ್ಪ ಫ್ರಿಜ್ ರಿಪೇರಿಗೆ ಹೋಗಿ ಬರುತ್ತಾರೆ. ನನ್ನೊಡನೆ ಮಾತು ಬಿಟ್ಟಿಲ್ಲ. ಕೀಲಿ ಎಲ್ಲಿ, ಗ್ಯಾಸ್ ಮುಗಿಯಿತಾ, ಟವೆಲ್ ಒಣಗಿತಾ, ಇಷ್ಟು ಮಾತು ನಡೆಯುತ್ತದೆ. ನಿನ್ನ ವಿಷಯ ಬಂದರೆ ಎದ್ದು ಹೋಗಿ ಕೈ ತೊಳೆಯುತ್ತಾರೆ. ಈಗೀಗ ಅವರ ಕೈ ಬಹಳ ಚೊಕ್ಕಟವಾಗಿದೆ.

ಬಾಸ್ಕೆಟ್‌ಬಾಲ್ ತಂಡದ ಪಟ್ಟಿ ಹೊರಬಿದ್ದ ದಿನ ನೀನು ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಮೆಟ್ಟಿಲಿಳಿದು ಹೋದೆಯಲ್ಲ, ಆಮೇಲೆ ಅಪ್ಪ ಒಂದೇ ಒಂದು ಸಲ ಆ ವಿಷಯ ಎತ್ತಿದರು.

"ಏನದು ಪ್ಲಸ್ಸು, ಮೈನಸ್ಸು? ಅಂಗಡಿಯೋರು ಕೂಡ ಅದನ್ನೇ ಕೇಳ್ತಾರೆ. ನಮ್ಮ ಹುಡುಗೀದು ಪ್ಲಸ್ ಅಂತೆ, ಆ ಮಿಡತೆ ಅಂತಾರಲ್ಲ, ಆ ಹುಡುಗೀದು ಮೈನಸ್ ಅಂತೆ. ನೀನು ಮೈನಸ್ಸನ್ನ ಆರಿಸ್ಕೊಂಡೆ ಅಂತೆ."

ನಾನು ವಿವರಿಸಿದೆ. ಒಬ್ಬ ಆಟಗಾರ್ತಿ ಕೋರ್ಟಿನಲ್ಲಿ ಇದ್ದಷ್ಟು ಹೊತ್ತು ತಂಡ ಎದುರಾಳಿಗಿಂತ ಎಷ್ಟು ಅಂಕ ಹೆಚ್ಚು ಗಳಿಸಿತೋ ಅಷ್ಟು ಅವಳಿಗೆ ಪ್ಲಸ್, ಎಷ್ಟು ಕಡಿಮೆ ಗಳಿಸಿತೋ ಅಷ್ಟು ಮೈನಸ್. ಬುಟ್ಟಿಗೆ ಚೆಂಡು ಹಾಕಿದವರು ಯಾರೇ ಇರಲಿ, ಕೋರ್ಟಿನಲ್ಲಿದ್ದ ಐದೂ ಜನರಿಗೆ ಒಂದೇ ಲೆಕ್ಕ.

"ಲೆಕ್ಕ ಅಂದ್ಮೇಲೆ ಲೆಕ್ಕಾನೇ ಅಲ್ವಾ? ಕರೆಂಟ್ ಮೀಟರು ಇದು ಯಾರ ಮನೆ ಅಂತ ನೋಡ್ಕೊಂಡು ತಿರುಗುತ್ತಾ?" ಎಂದರು.

ನಾನು ಉತ್ತರ ಕೊಡಲಿಲ್ಲ. ಉತ್ತರ ಇರಲಿಲ್ಲವೆಂದಲ್ಲ. ಅಂದಿನಿಂದ ನನಗೆ ಒಂಥರಾ ಜೋಮು ಹಿಡಿದಂತಾಗಿದೆ. ಕಾಲಿಗೆ ಜೋಮು ಹಿಡಿದಾಗ ನೆಲ ಇದೆಯೆಂದು ಕಣ್ಣಿಗೆ ಕಾಣುತ್ತದೆ, ಪಾದಕ್ಕೆ ತಿಳಿಯುವುದಿಲ್ಲ ನೋಡು, ಹಾಗೆ. ನೀನು ಹೋದಾಗಲೂ ಅಳು ಬರಲಿಲ್ಲ. ಒಲೆಯ ಮೇಲಿದ್ದ ಹಾಲು ಉಕ್ಕದಂತೆ ಉರಿ ಸಣ್ಣ ಮಾಡಿದ್ದು ಮಾತ್ರ ನೆನಪಿದೆ.

ಅಪ್ಪನಿಗೆ ಕೊಡದ ಉತ್ತರವನ್ನು ನಿನಗೆ ಬರೆಯುತ್ತಿದ್ದೇನೆ. ನಿನಗೆ ಸಲ್ಲಬೇಕಾದದ್ದು ಅದು.

ತಂಡ ಆರಿಸುವ ಸಮಿತಿಯಲ್ಲಿ ನಾವು ಮೂವರು: ಅಧ್ಯಕ್ಷರು, ಆ ತಂಡದ ಕೋಚ್, ಹಳೆಯ ಆಟಗಾರ್ತಿಯೆಂಬ ಲೆಕ್ಕದಲ್ಲಿ ನಾನು. ಸಮಿತಿಯಲ್ಲಿ ಇದ್ದ ಮೇಲೆ ಕೂರದೆ ವಿಧಿಯಿರಲಿಲ್ಲ. ಕ್ರೀಡಾಂಗಣದ ಮೇಲಿನ ಆ ಉದ್ದನೆಯ ಕೋಣೆ ನಿನಗೆ ಗೊತ್ತಲ್ಲ. ಕೆಳಗೆ ಕೋರ್ಟಿನ ಮರದ ನೆಲಕ್ಕೆ ಪಾಲಿಶ್ ಹಾಕುತ್ತಿದ್ದರು, ಅದರ ವಾಸನೆ ತಲೆ ಸುತ್ತಿಸುವಂತಿತ್ತು. ಹನ್ನೊಂದು ಹೆಸರು ಸಲೀಸಾಗಿ ಮುಗಿದವು. ಉಳಿದದ್ದು ಒಂದು ಜಾಗ, ಎರಡು ಹೆಸರು. ಒಂದು ನಿನ್ನದು, ಇನ್ನೊಂದು ನಿನ್ನದೇ ಕ್ಲಬ್ಬಿನಲ್ಲಿ ನಿನ್ನ ಪಕ್ಕದಲ್ಲೇ ಆಡುವ ಮಿಡತೆಯದು.

ಅಂಕಿಅಂಶ ನೋಡಿಕೊಳ್ಳುವವನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಪಟ್ಟಿ ಬಿಟ್ಟ. ಇಡೀ ಸೀಸನ್ನಿನ ಪ್ಲಸ್-ಮೈನಸ್. ಮೇಲಿನ ಸಾಲಿನಲ್ಲೇ ನೀನಿದ್ದೆ. ಮಿಡತೆಯನ್ನು ನೋಡಲು ಕತ್ತು ಬಗ್ಗಿಸಬೇಕಾಯಿತು.

"ಇನ್ನೇನಿದೆ ಮಾತಾಡಕ್ಕೆ? ನಂಬರೇ ಹೇಳ್ತಿದೆಯಲ್ಲ" ಎಂದು ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು.

ನಾನು ಅಂಕಿಅಂಶದವನನ್ನು ಕೇಳಿದೆ, ಮಿಡತೆ ಯಾರ ಜೊತೆ ಆಡಿದಾಗ ಎಷ್ಟು ಬಂದಿದೆ, ಬೇರೆ ಮಾಡಿ ತೋರಿಸಲು ಆಗುತ್ತದೆಯಾ ಎಂದು. ಆಗುತ್ತದೆ ಎಂದ. ಸ್ವಲ್ಪ ಹೊತ್ತು ಹಿಡಿಯಿತು.

ಕುಳ್ಳೀ, ನಿನಗೂ ಇದು ಗೊತ್ತು, ಗೊತ್ತಿಲ್ಲದಂತೆ ಇದ್ದೀಯ ಅಷ್ಟೇ. ನೀನು ಮತ್ತು ಉಳಿದ ಅನುಭವಿಗಳು ಸುಧಾರಿಸಿಕೊಳ್ಳಲು ಬೆಂಚಿಗೆ ಬಂದಾಗ ನಿಮ್ಮ ಕ್ಲಬ್ಬಿನ ಕೋಚ್ ಮಿಡತೆಯೊಬ್ಬಳನ್ನು ಕೋರ್ಟಿನಲ್ಲೇ ಬಿಡುತ್ತಾರೆ, ನಾಲ್ವರು ಹೊಸಬರ ಜೊತೆ. ಎದುರಿಗೆ ಆ ತಂಡದ ಗಟ್ಟಿಗರೆಲ್ಲ ಇನ್ನೂ ಇರುತ್ತಾರೆ. ಮುಳುಗುವ ದೋಣಿಯನ್ನು ನೀವು ಬಂದು ಹಿಡಿಯುವ ತನಕ ತೇಲಿಸುವುದೇ ಅವಳ ಕೆಲಸ. ಹತ್ತು ಅಂಕ ಹಿಂದೆ ಬೀಳಬೇಕಾದ ತಂಡ ನಾಲ್ಕೇ ಅಂಕ ಹಿಂದೆ ಬಿದ್ದರೆ ಅದು ಅವಳ ಗೆಲುವು. ಪಟ್ಟಿಯಲ್ಲಿ ಮಾತ್ರ ಮೈನಸ್ ನಾಲ್ಕು.

ಅವಳು ನಿಮ್ಮೆಲ್ಲರ ಜೊತೆಗಿದ್ದಾಗಿನ ಲೆಕ್ಕ ಬಂತು. ತಂಡದಲ್ಲಿ ಅದಕ್ಕಿಂತ ಒಳ್ಳೆಯ ಲೆಕ್ಕ ಇನ್ನೊಂದಿರಲಿಲ್ಲ.

ಆಮೇಲೆ, ಅವಳಿಲ್ಲದೆ ನೀನು ಆಡಿದಾಗಿನ ಲೆಕ್ಕ ತೋರಿಸು ಎಂದೆ. ನಾನೇ ಕೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಕೋಚ್ ಮೆಲ್ಲಗೆ, "ಮೇಡಂ, ಇದು ನಿಮ್ಮ ಮಗಳು" ಎಂದರು.

"ಗೊತ್ತು ಸರ್" ಎಂದೆ.

ಎಡಗಡೆಯ ನಿನ್ನ ಆ ಜಾಗದಿಂದ ನೀನು ಚೆಂಡು ಎಸೆದರೆ ನೋಡಲು ಎಷ್ಟು ಚಂದ ಎಂದು ಯಾರೂ ನನಗೆ ಹೇಳಿಕೊಡಬೇಕಿಲ್ಲ. ಆದರೆ ನೀನು ಎಸೆಯುವ ಮುಂಚೆ ಏನಾಗುತ್ತದೆಂದು ನಾನು ರೆಕಾರ್ಡಿಂಗ್ ಹಾಕಿಕೊಂಡು ನೋಡಿದ್ದೇನೆ. ಕೈಯಲ್ಲಿ ಚೆಂಡೇ ಇಲ್ಲದೆ ಮಿಡತೆ ಬಲಮೂಲೆಗೆ ಓಡುತ್ತಾಳೆ, ಮೈಗೆ ಬೆಂಕಿ ಬಿದ್ದವರಂತೆ. ಎಲ್ಲಿ ಕೈತಪ್ಪುತ್ತಾಳೋ ಎಂದು ಎದುರಾಳಿಗಳು ಇಬ್ಬರು ಅವಳ ಹಿಂದೆ ಹೋಗುತ್ತಾರೆ. ಎಡಗಡೆ ನೀನು ಒಬ್ಬಳೇ ನಿಂತಿರುತ್ತೀಯ, ಬಸ್ಸಿಗೆ ಕಾಯುವವಳ ಹಾಗೆ ನಿರಾಳವಾಗಿ. ಚೆಂಡು ಬರುತ್ತದೆ, ಎಸೆಯುತ್ತೀಯ, ಬೀಳುತ್ತದೆ, ಜನ ಕೂಗುತ್ತಾರೆ. ಅವಳ ಓಟವನ್ನು ಬರೆದುಕೊಳ್ಳಲು ಯಾವ ಪಟ್ಟಿಯಲ್ಲೂ ಮನೆಯಿಲ್ಲ.

ಇಷ್ಟೇ ಆಗಿದ್ದರೆ ಯಂತ್ರವೇ ಹೇಳುತ್ತಿತ್ತು, ನಾನು ಬೇಕಿರಲಿಲ್ಲ. ಇನ್ನೊಂದಿದೆ.

ನಿಮ್ಮ ಕ್ಲಬ್ಬಿನ ಸೆಮಿಫೈನಲ್ಲಿನಲ್ಲಿ, ಕನ್ನಡಕವನ್ನು ಪಟ್ಟಿಯಿಂದ ತಲೆಗೆ ಬಿಗಿದುಕೊಂಡು ಆಡುತ್ತಾಳಲ್ಲ, ಆ ಹೊಸ ಹುಡುಗಿ, ಎರಡು ಫ್ರೀ ಥ್ರೋ ಸಾಲಾಗಿ ತಪ್ಪಿಸಿದಳು. ಮುಖವೆಲ್ಲ ಬಿಳುಚಿಕೊಂಡಿತು. ನೀನು ಆಗ ಬೆಂಚಿನಲ್ಲಿದ್ದೆ. ಎರಡೂ ಕೈ ಮೇಲೆತ್ತಿ, ಮುಖ ತಿರುಗಿಸಿ ನೀರಿನ ಬಾಟಲಿಗೆ ಕೈಹಾಕಿದೆ. ಮಿಡತೆ ಓಡಿ ಹೋಗಿ ಆ ಹುಡುಗಿಯ ಕಿವಿಯಲ್ಲಿ ಏನೋ ಹೇಳಿದಳು. ಮುಂದಿನ ಚೆಂಡನ್ನು ಅವಳಿಗೇ ಕೊಟ್ಟಳು. ತಪ್ಪಿತು. ಮತ್ತೆ ಕೊಟ್ಟಳು. ಮತ್ತೆ ತಪ್ಪಿತು. ಆ ಹೊತ್ತಿನಲ್ಲಿ ಎದುರಾಳಿಗಳು ಗಳಿಸಿದ್ದೆಲ್ಲ ಮಿಡತೆಯ ಮೈನಸ್ಸಿಗೆ ಹೋಯಿತು. ಮೂರನೆಯದು ಬಿತ್ತು.

ಆಟ ಮುಗಿದ ಮೇಲೆ ಮಿಡತೆಯನ್ನು ಕೈ ಸನ್ನೆ ಮಾಡಿ ಕರೆದು ಕೇಳಿದೆ, ಕಿವಿಯಲ್ಲಿ ಏನು ಹೇಳಿದೆ ಎಂದು.

"ಏನಿಲ್ಲ ಮೇಡಂ. ಮುಂದಿನ ಬಾಲೂ ನಿಂಗೇ ಕೊಡ್ತೀನಿ, ಬಚ್ಚಿಟ್ಕೊಬೇಡ ಅಂದೆ."

"ಅದೂ ಮಿಸ್ ಆದ್ರೆ?"

"ಅದರ ಮುಂದಿಂದೂ ಅವಳಿಗೇ. ನಾನೆಲ್ಲಿಗೆ ಹೋಗ್ತೀನಿ?"

ಫೈನಲ್ಲಿನಲ್ಲಿ ಮಿಡತೆ ಫೌಲ್ ಆಗಿ ಹೊರಗೆ ಕೂತಾಗ ನಿಮ್ಮನ್ನು ಗೆಲ್ಲಿಸಿದ್ದು ಆ ಕನ್ನಡಕದ ಹುಡುಗಿ. ಆ ಪ್ಲಸ್ ಅವಳಿಗೂ ಹೋಯಿತು, ನಿನಗೂ ಹೋಯಿತು, ಕೋರ್ಟಿನಲ್ಲಿದ್ದ ಎಲ್ಲರಿಗೂ ಹೋಯಿತು. ಬೆಂಚಿನಲ್ಲಿ ಟವೆಲ್ ಕಚ್ಚಿಕೊಂಡು ಕೂತವಳಿಗೆ ಮಾತ್ರ ಹೋಗಲಿಲ್ಲ.

ಇದನ್ನೆಲ್ಲ ನಾನು ಆ ಕೋಣೆಯಲ್ಲಿ ಹೇಳಿದೆ. ನನ್ನ ದನಿ ಹಾಜರಿ ಕೂಗುವಾಗ ಇರುವಂತೆಯೇ ಇತ್ತು, ಏರಲಿಲ್ಲ, ಇಳಿಯಲಿಲ್ಲ. ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. ಕಡೆಗೆ ಅವಳ ಹೆಸರು ಬರೆದರು. ನಾನು ಬಸ್ಸು ಹಿಡಿದು ಬಂದೆ, ದಾರಿಯಲ್ಲಿ ಸೋಪು ತೆಗೆದುಕೊಂಡೆ. ನೀನು ಪಟ್ಟಿಯನ್ನು ಫೋನಿನಲ್ಲಿ ಆಗಲೇ ನೋಡಿಬಿಟ್ಟಿದ್ದೆ.

ಆ ವಾರವೇ ಮಿಡತೆ ನನ್ನ ಶಾಲೆಗೆ ಬಂದಳು. ಚೆಂಡುಗಳನ್ನಿಡುವ ಕೋಣೆಯಲ್ಲಿ ನಾನು ಗಾಳಿ ಹೊಡೆಯುತ್ತಿದ್ದೆ. ಬಾಗಿಲಲ್ಲೇ ನಿಂತು, "ಮೇಡಂ, ಅಕ್ಕನ ಜಾಗ ನಂಗೆ ಬೇಡ. ನಾನು ಇನ್ನೂ ಚಿಕ್ಕವಳು, ಮುಂದೆ ಹೋಗ್ತೀನಿ. ಅಕ್ಕಂಗೆ ಇದೇ ಕೊನೇ ಸಲ" ಎಂದಳು. ಅಳುತ್ತಿದ್ದಳು.

"ಅದು ಅಕ್ಕನ ಜಾಗ ಅಲ್ಲ. ನಿಂದೂ ಅಲ್ಲ. ಹನ್ನೆರಡನೇ ಜಾಗ, ಅಷ್ಟೇ. ಹೋಗಿ ಪ್ರಾಕ್ಟೀಸ್ ಮಾಡು" ಎಂದೆ.

ಅವಳು ಹೋದ ಮೇಲೂ ಪಂಪು ಒತ್ತುತ್ತಲೇ ಇದ್ದೆನಂತೆ. ಚೆಂಡು ಕಲ್ಲಾಗಿತ್ತು. ಮಕ್ಕಳು ಅದನ್ನು ಹಿಡಿಯಲಾರದೆ ಬೈದುಕೊಂಡರು.

ನಾವು ಆರಿಸಿದ ತಂಡ ಹೋದ ಪಂದ್ಯಾವಳಿ ಏನಾಯಿತೆಂದು ನಿನಗೆ ಗೊತ್ತೇ ಇದೆ. ನೋಡಿರುತ್ತೀಯ, ನೋಡದೆ ಇರಲಾರೆ. ಕ್ವಾರ್ಟರ್‌ಫೈನಲ್ಲಿನಲ್ಲೇ ಸೋತು ಬಂದರು. ಮಿಡತೆ ಬೆಂಚಿನಿಂದ ಎದ್ದು ಹೋಗಿ ಆಡಿದ್ದು ಸ್ವಲ್ಪ ಹೊತ್ತು, ಬುಟ್ಟಿಗೆ ಹಾಕಿದ್ದು ಒಂದೇ ಒಂದು. ಮತ್ತೆ ಮೈನಸ್. ಅಧ್ಯಕ್ಷರು ಫೋನ್ ಮಾಡಿ, "ನಂಬರ್ ಮಾತು ಕೇಳ್ಬೇಕಿತ್ತು ಮೇಡಂ" ಎಂದರು. ನೀನು ಹೋಗಿದ್ದರೆ ಗೆಲ್ಲುತ್ತಿದ್ದರೇನೋ. ಅದು ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ನಟಿಸುವುದಿಲ್ಲ. ನಾನು ಸರಿಯಿದ್ದೆ ಎನ್ನಲು ಅವರ ಗೆಲುವಾದರೂ ಇದ್ದಿದ್ದರೆ ಈ ಕಾಗದ ಬರೆಯುವುದು ಸುಲಭವಾಗುತ್ತಿತ್ತು.

ಆ ಪಂದ್ಯವನ್ನು ಅಪ್ಪನೂ ನೋಡಿದರು. ಸೋಫಾದ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ಕೊನೆಗೆ ಟಿವಿ ಆರಿಸಿ, ರಿಮೋಟನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದರು: "ಆ ಹುಡುಗಿ ಬಂದಾಗ ಮಿಕ್ಕೋರೆಲ್ಲ ಸ್ವಲ್ಪ ನೆಟ್ಟಗೆ ನಿಂತ್ಕೊಂಡ್ರು, ಅಲ್ವಾ?"

ಕೀಲಿಯದಲ್ಲದ, ಗ್ಯಾಸಿನದಲ್ಲದ ಮಾತು. ಆಮೇಲೆ ಎದ್ದು ಹೋಗಿ ಕೈ ತೊಳೆದರು. ಒಳಗಿನಿಂದಲೇ, "ನಮ್ಮ ಹುಡುಗಿ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಎಂದೂ ಅಂದರು. ಅದೂ ನಿಜವೇ. ಇಬ್ಬರಿಗೂ ಜಾಗವಿದ್ದಿದ್ದರೆ.

ನಾನು ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ಸುಳ್ಳಾಗುತ್ತದೆ. ಮನೆಗೆ ಬಾ ಎಂದು ಒತ್ತಾಯವನ್ನೂ ಮಾಡುವುದಿಲ್ಲ. ನಿನ್ನ ಕೋಣೆಯ ಕಿಟಕಿ ದಿನವೂ ತೆರೆದು ಮುಚ್ಚುತ್ತೇನೆ, ಮುಗ್ಗಲು ವಾಸನೆ ಬರಬಾರದೆಂದು. ಮಂಡಿಗೆ ಐಸ್ ಇಡುವುದನ್ನು ಬಿಡಬೇಡ. ಹೊಟ್ಟೆಗೆ ಸರಿಯಾಗಿ ತಿನ್ನು. ಅಪ್ಪನಿಗಾದರೂ ಫೋನ್ ಮಾಡು, ಅವರು ಯಾವ ಸಮಿತಿಯಲ್ಲೂ ಇಲ್ಲ.

ನಿನ್ನ,
ಅಮ್ಮ

ಮರೆತ ಮಾತು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹೊಡೆದುಹಾಕಲು ಹೋದೆ, ಆಮೇಲೆ ಹಾಗೇ ಬಿಟ್ಟೆ. ಕೂರದೆ ವಿಧಿಯಿರಲಿಲ್ಲ ಎಂದೆನಲ್ಲ, ವಿಧಿಯಿತ್ತು. ನಿಮ್ಮಿಬ್ಬರ ಹೆಸರು ಬಂದಾಗ ಅಧ್ಯಕ್ಷರೇ ಹೇಳಿದರು: "ಮೇಡಂ, ಮಗಳ ವಿಷಯ. ನಿಮಗೆ ಕಷ್ಟ. ಬೇಕಾದ್ರೆ ಹೊರಗಡೆ ಕೂತಿರಿ, ನಾವಿಬ್ರೂ ನೋಡ್ಕೋತೀವಿ." ಅವರಿಬ್ಬರೂ ನಿನ್ನ ಹೆಸರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದರೆಂದು ನನಗೆ ಗೊತ್ತಿತ್ತು. ನಾನು ಹೊರಗೆ ಹೋಗಿದ್ದರೆ ಸಾಕಿತ್ತು, ನೀನು ವಿಮಾನ ಹತ್ತುತ್ತಿದ್ದೆ. ನನ್ನ ಮೇಲೆ ಯಾರೂ ಬೆರಳು ತೋರಿಸುತ್ತಿರಲಿಲ್ಲ, ನೀನೂ ತೋರಿಸುತ್ತಿರಲಿಲ್ಲ. ಬಾಗಿಲು ಅರ್ಧ ತೆರೆದೇ ಇತ್ತು. ಎದ್ದೆ, ಬಾಗಿಲ ತನಕ ಹೋದೆ. ಅದನ್ನು ಮುಚ್ಚಿ, ವಾಪಸು ಬಂದು ಕೂತೆ.