ಕಣ್ಣಿಲ್ಲದ ಮಹಾದೇವಕ್ಕ ಮತ್ತು ರಸ್ತೆ ದಾಟದ ಸಾಹೇಬರು

ನೇತ್ರ ಚಿಕಿತ್ಸಾ ಶಿಬಿರ ಪ್ರಚಾರ ಸಮಿತಿಯ ಪದನಿಮಿತ್ತ ಅಧ್ಯಕ್ಷರಿಗೆ, ಹಾನಗಲ್ಲಿನಿಂದ.

ರಸ್ತೆಯ ಆಚೆ ಬದಿಯಲ್ಲಿರುವ ಮಾನ್ಯರೇ,

ನೀವು ಒಂದು ಸೂಚನಾಪತ್ರ ಹೊರಡಿಸಿದ್ದೀರಿ. ಉಡಚಪ್ಪ ಎಂಬ ಪೇಂಟರನು ಯಾವುದೇ ಸಂಸ್ಥೆಗೆ ಸೇರಿದವನಲ್ಲ, ಯಾವುದೇ ಚಿತ್ರಕಲಾ ಪರೀಕ್ಷೆ ಪಾಸಾದವನಲ್ಲ, ಸಾರ್ವಜನಿಕರ ಕೆಲಸವನ್ನು ಒಪ್ಪಿಕೊಂಡು ಅಪೂರ್ಣವಾಗಿ ಬಿಟ್ಟವನು. ಆದ್ದರಿಂದ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಶಾಲೆ, ಸೊಸೈಟಿ, ಪಂಚಾಯತಿಗಳು ಅವನಿಗೆ ಕೆಲಸ ಕೊಡತಕ್ಕದ್ದಲ್ಲ ಎಂದು ಅದರಲ್ಲಿದೆ. ಆ ಉಡಚಪ್ಪ ನಾನೇ. ಮೊದಲಿನ ಎರಡು ಆರೋಪಗಳು ನಿಜ. ಮೂರನೆಯದು ಅರ್ಧ ನಿಜ. ಉಳಿದರ್ಧ ನಿಮ್ಮ ಕಚೇರಿಯಲ್ಲೇ ಉಳಿದುಬಿಟ್ಟಿರುವುದರಿಂದ ಅದನ್ನು ಇಲ್ಲಿ ಊರ ಮುಂದೆ ಬರೆಯುತ್ತಿದ್ದೇನೆ.

ಪರೀಕ್ಷೆಯ ವಿಷಯ ಮೊದಲು ಮುಗಿಸಿಬಿಡೋಣ. ನಾನು ಒಂಬತ್ತನೇ ಇಯತ್ತೆಯಲ್ಲಿ ಶಾಲೆ ಬಿಟ್ಟವನು. ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದ ದಿನ ನಮ್ಮ ಡ್ರಾಯಿಂಗ್ ಮಾಸ್ತರರು ಇಡೀ ವರ್ಗದ ಹುಡುಗರ ಹೆಸರಿನಲ್ಲಿ ಚಿತ್ರಗಳನ್ನು ಗೋಡೆಗೆ ತೂಗುಹಾಕಿದ್ದರು. ಇಷ್ಟು ಸಮನಾದ ಪ್ರತಿಭೆಯ ವರ್ಗವನ್ನು ತಾವು ಎಲ್ಲೂ ಕಂಡಿಲ್ಲವೆಂದು ಸಾಹೇಬರು ಹೊಗಳಿದರು. ನಾನು ಎದ್ದು ನಿಂತು, “ಸಮ ಇರಾಕಬೇಕಲ್ರಿ ಸರ್, ಎಲ್ಲಾ ನಾನ ತಗದದ್ದು” ಎಂದೆ. ಆ ಮೇಲೆ ಶಾಲೆಗೂ ನನಗೂ ಸರಿಹೋಗಲಿಲ್ಲ. ಗಣಿತದಲ್ಲಿ ನಪಾಸಾಗಿದ್ದೂ ನಿಜ. ಅದನ್ನು ಮುಚ್ಚಿಟ್ಟರೆ ಮುಂದೆ ಹೇಳುವುದಕ್ಕೆ ಬೆಲೆ ಇರುವುದಿಲ್ಲ.

ಇನ್ನು ಸಂಸ್ಥೆಯ ವಿಷಯ. ನನ್ನ ಅಪ್ಪ ಗಿರಿಯಪ್ಪ ಅಡತಿ ಅಂಗಡಿಯಲ್ಲಿ ಭತ್ತ ತೂಗುವವರು. ನಾನು ಸವಣೂರಿನ ಬಂದೇಸಾಬರ ಹತ್ತಿರ ಕೆಲಸ ಕಲಿತು, ಸ್ವಂತ ಬ್ರಷ್ ಕಟ್ಟಿಕೊಂಡು ಹಾನಗಲ್ಲಿಗೆ ಮರಳಿದಾಗ ಅವರು ಕೇಳಿದ್ದು ಒಂದೇ ಮಾತು.

“ಈಗ ಯಾರ ಕೈಕೆಳಗ ಅದೀ?”

“ಯಾರ ಕೈಕೆಳಗೂ ಇಲ್ಲಪ್ಪ. ಯಾರು ಕರದ್ರ ಅವರಿಗೆ ಮಾಡಿಕೊಡ್ತೇನಿ.”

“ಹಂಗಂದ್ರ ಕೆಲಸ ಇಲ್ಲ ಅನ್ನು. ಅದಕ್ಯಾಕ ಇಷ್ಟ ಉದ್ದ ಹೇಳ್ತಿ?”

ತಕ್ಕಡಿ ಹಿಡಿದವರ ಮಾತು ತೂಕದ್ದೇ ಇರುತ್ತದೆ. ಆದರೆ ಮಾನ್ಯರೇ, ಹಿರೇಕೆರೂರಿನ ಸೊಸೈಟಿಗೆ ಬೋರ್ಡು, ಶಿಗ್ಗಾಂವಿಯ ಹೈಸ್ಕೂಲು ನಾಟಕಕ್ಕೆ ಅರಮನೆಯ ಪರದೆ, ಸವಣೂರಿನ ಖಾರಾ ತಿಂಡಿಯ ಅಂಗಡಿಗೆ ಚಿತ್ರ, ಇವೆಲ್ಲ ಯಾರ ಕೈಕೆಳಗೂ ಇಲ್ಲದ ಕೈಯಿಂದಲೇ ಆದವು. ಬಣ್ಣದ ಡಬ್ಬಿ ಸೈಕಲ್ಲಿಗೆ ಕಟ್ಟಿಕೊಂಡು ಊರೂರು ತಿರುಗುವವನು ಯಾವ ಸಂಸ್ಥೆಗೆ ಸೇರಬೇಕು? ಸೈಕಲ್ಲಿಗೋ, ಡಬ್ಬಿಗೋ?

ನಿಮಗೆ ನೇಮಕಾತಿ ಪತ್ರ ಇದೆ. ರಜೆ ಇದೆ, ಬಡ್ತಿ ಇದೆ, ವರ್ಗಾವಣೆ ಇದೆ. ತಪ್ಪಾದರೆ ಜಾರಿಸಲು ಕೆಳಗೊಬ್ಬರು, ಬಯ್ಯಲು ಮೇಲೊಬ್ಬರು ಇದ್ದಾರೆ. ನನ್ನಂಥವನಿಗೆ ಇರುವುದು ಒಂದು ರೂಢಿ ಮಾತ್ರ. ಅದನ್ನು ಕಲಿಸಿದವರು ಬಂದೇಸಾಬರು. ಮೊಹರಮ್ಮಿನ ಡೋಲಿಯಿಂದ ಹಿಡಿದು ಮಠದ ಗೋಡೆಯವರೆಗೆ ಸವಣೂರಿನಲ್ಲಿ ಅವರ ಬಣ್ಣ ತಾಗದ ಜಾಗವಿಲ್ಲ. ಯಾವ ಮುಖ ಬರೆದರೂ ಅವರು ಕಣ್ಣನ್ನು ಕೊನೆಗೆ ಉಳಿಸುತ್ತಾರೆ. ಕೆಲಸ ಹೇಳಿದವರು ತಾವೇ ಬಂದು, ಚಿತ್ರದ ಎದುರು ನಿಂತು ನೋಡಿ, ಎರಡು ಎಲೆ ಒಂದು ಅಡಿಕೆ ಕೈಗಿಡಬೇಕು. ಆಮೇಲೆ ಕಣ್ಣು. ನೋಟವನ್ನು ವೀಳ್ಯ ಕೊಟ್ಟವರು ನಿಂತ ಕಡೆಗೇ ಇಡುವುದು, ಚಿತ್ರ ತನ್ನ ಧಣಿಯ ಗುರುತು ಹಿಡಿಯಲಿ ಎಂದು.

“ಇದು ದೇವರ ಮಾತಲ್ಲೋ ಉಡಚ್ಯಾ, ವ್ಯವಹಾರದ್ದು” ಎಂದಿದ್ದರು ಬಂದೇಸಾಬರು. “ಕಣ್ಣ ಬರದ ಮ್ಯಾಲೆ ಚಿತ್ರ ನಮ್ಮದಲ್ಲ. ಅದಕ್ಕ ಮೊದಲ ಹೇಳಿದಾವ ಬಂದು ನೋಡಬೇಕು, ಹೂಂ ಅನ್ನಬೇಕು. ನಾಳೆ ಬಂದು ಮೂಗ ಸೊಟ್ಟ ಆಗೈತಿ ಅಂದ್ರ ನಡಿಯೂದಿಲ್ಲ.”

ಇದನ್ನು ನಾನು ಒಮ್ಮೆ ಹಗುರವಾಗಿ ತೆಗೆದುಕೊಂಡಿದ್ದೆ. ಖಾರಾ ಅಂಗಡಿಯ ಹಯಾತರು ತಮ್ಮ ಬೋರ್ಡಿಗೆ ಖಾರಾ ತಿನ್ನುವ ಹುಡುಗನ ಚಿತ್ರ ಹೇಳಿದ್ದರು. ಅವರು ಊರಲ್ಲಿಲ್ಲದಾಗ ಅವಸರದಲ್ಲಿ ಕಣ್ಣು ಬರೆದು ಮುಗಿಸಿದೆ. ಮರಳಿ ಬಂದ ಹಯಾತರು, “ಹುಡುಗ ಬ್ಯಾಡೋ, ಹೆಣ್ಣಮಗಳು ಮಾಡು” ಎಂದರು. ಮಾಡಿದೆ. ಅವರ ಭಾವ ಬಂದು, “ಅಂಗಡಿ ಮ್ಯಾಲೆ ಹೆಣ್ಣಮಗಳು ಯಾಕ? ಹುಲಿ ಬರಿ, ಖಾರಾಕ್ಕ ಹುಲಿನ ಸರಿ” ಎಂದರು. ಬರೆದೆ. ಒಮ್ಮೆ ಬರೆದ ಕಣ್ಣನ್ನು ಅಳಿಸುವಂತಿಲ್ಲ, ಅವು ಮಾತ್ರ ಆ ಹುಡುಗನವೇ ಉಳಿದವು. ಈಗಲೂ ಸವಣೂರಿಗೆ ಹೋದವರು ನೋಡಬಹುದು, ತಿಂಡಿ ಬೇಡುವ ಮುಖದ ಒಂದು ಹುಲಿ ಅಂಗಡಿಯ ಮೇಲೆ ಕುಳಿತಿದೆ. ಅವತ್ತಿನಿಂದ ವೀಳ್ಯವಿಲ್ಲದೆ ನಾನು ಒಂದು ಗುಬ್ಬಿಗೂ ಕಣ್ಣು ಬರೆದಿಲ್ಲ.

ಈಗ ನಿಮ್ಮ ಗೋಡೆಗೆ ಬರೋಣ.

ಕಣ್ಣಿನ ಪೊರೆಯ ಆಪರೇಷನ್ನಿನ ಶಿಬಿರವೆಂದು ನೀವು ನನ್ನನ್ನು ಕರೆಸಿದಿರಿ. ನಿಮ್ಮ ಕಚೇರಿಯ ಎದುರು, ರಸ್ತೆ ದಾಟಿದರೆ ಸಿಗುವ ಗೋದಾಮಿನ ಗೋಡೆ. ಹುಬ್ಬಳ್ಳಿ ಬಸ್ಸಿನವರಿಗೂ ಹಾವೇರಿ ಬಸ್ಸಿನವರಿಗೂ ಕಾಣುವಂತೆ ಚಿತ್ರ ಬರೆಯಬೇಕು ಎಂದಿರಿ. ಸೂಜಿಗೆ ದಾರ ಪೋಣಿಸಿ ತಲೆ ಎತ್ತಿದ ಒಬ್ಬ ಅಜ್ಜಿಯನ್ನು ಬರೆಯುತ್ತೇನೆ ಎಂದೆ. ಒಪ್ಪಿದಿರಿ. ಕೊನೆಗೆ ನೀವು ಬಂದು ವೀಳ್ಯ ಕೊಡಬೇಕು ಎಂದೂ ಆಗಲೇ ಹೇಳಿದೆ. ಅದಕ್ಕೂ ತಲೆಯಾಡಿಸಿದಿರಿ. ಎಲ್ಲದಕ್ಕೂ ತಲೆಯಾಡಿಸುವುದು ಕಚೇರಿಯ ಅಭ್ಯಾಸವೆಂದು ನನಗೆ ಗೊತ್ತಿರಲಿಲ್ಲ.

ಚಿತ್ರಕ್ಕೆ ಮಾದರಿಯಾಗಿ ಕುಳಿತವಳು ನಮ್ಮ ಓಣಿಯಲ್ಲಿ ಕೌದಿ ಹೊಲಿಯುವ ಮಹಾದೇವಕ್ಕ. ಅವಳಿಗೇ ಎರಡೂ ಕಣ್ಣಿಗೆ ಪೊರೆ. ಸೂಜಿಗೆ ದಾರ ನಾನೇ ಪೋಣಿಸಿ ಕೈಗೆ ಕೊಟ್ಟೆ. “ನಾ ಪೋಣಿಸಿದೆ ಅಂತ ಬರೀತಿ ಏನ? ಸುಳ್ಳ ಅಲ್ಲೇನೋ?” ಎಂದಳು. “ಆಪರೇಷನ್ ಮಾಡಿಸ್ಕೊಂಡ ಮ್ಯಾಲಿನ ಚಿತ್ರ ಇದು, ಅಕ್ಕ” ಎಂದೆ. “ಹಂಗಾರ ಈಗ ನಾ ಮಾಡಿಸ್ಕೋಬೇಕು. ಗ್ವಾಡಿ ಮ್ಯಾಲೆ ಸುಳ್ಳ ಹೇಳಿ ಬಾಳ್ವೆ ಮಾಡಾಕ ಆಗೂದಿಲ್ಲ” ಎಂದಳು. ನಿಮ್ಮ ಇಡೀ ಪ್ರಚಾರ ಸಮಿತಿ ಸೇರಿಸಿದ ಮೊದಲ ರೋಗಿ ಇವಳು. ಅದು ನಿಮಗೆ ಗೊತ್ತಿರಲಾರದು.

ಸೀರೆಯ ಅಂಚು, ಹಣೆಯ ಸುಕ್ಕು, ಬೆರಳ ಸಂದಿಯ ಸೂಜಿ ಎಲ್ಲ ಮುಗಿಯಿತು. ಕಣ್ಣಿನ ಜಾಗ ಬೆಳ್ಳಗೆ ಉಳಿಯಿತು. ನಾನು ಎಲೆ ಅಡಿಕೆಯನ್ನೂ ಕೊಂಡು ತಂದು ನಿಮ್ಮ ಹೆಡ್‌ಕ್ಲಾರ್ಕ್ ಕರಬಸಪ್ಪನವರ ಮುಂದೆ ನಿಂತೆ.

“ಸಾಹೇಬ್ರು ಹೊರಗ ಬಂದು ಇದನ್ನ ನನ್ನ ಕೈಯಾಗ ಕೊಟ್ರ ಸಾಕ್ರಿ.”

“ನೀನ ತಂದ ಎಲಿ ನಿನಗ ಕೊಡಾಕ ಸಾಹೇಬ್ರು ಯಾಕ ಬೇಕೋ ತಮ್ಮಾ?”

“ಅವರು ನೋಡಬೇಕಲ್ರಿ.”

“ನೋಡಾಕ ಫೈಲ್ ಐತಿ. ಬೇಕಾರ ಸಾದಿಲ್ವಾರು ಖರ್ಚಿನ್ಯಾಗ ಎಲಿ ಅಡಕಿ ಹಾಕ್ತೇನಿ. ಗ್ವಾಡಿ ತನಕ ನಡಿಯೂದನ್ನ ಯಾವುದರಾಗ ಹಾಕಲಿ?”

ಕರಬಸಪ್ಪನವರು ಕೆಟ್ಟವರಲ್ಲ. ಒಳಗೆ ಬಂದು ನಿಮಗೆ ಹೇಳಿದರು. ನೀವು ನನ್ನನ್ನು ಕರೆಸಿ ಕೇಳಿದ ಮಾತು ಕಚೇರಿಯ ಹೊರಗೂ ಕೇಳಿಸಿತು. “ಏನಯ್ಯ, ಎಲೆ ಅಡಿಕೆ ಹಿಡ್ಕೊಂಡು ಬರೋಕೆ ನಾನೇನು ನಿಮ್ಮನೆ ಬೀಗನಾ? ಜವಾನನ್ನ ಕಳಿಸ್ತೀನಿ, ಮುಗಿಸು.” ಜವಾನರು ಬಂದರೆ ಚಿತ್ರ ಜವಾನರದಾಗುತ್ತದೆ ಎಂದೆ. “ಇನ್ನು ಹೋಗು” ಎಂದಿರಿ. ಹೋಗಿ ಗೋಡೆಯ ಹತ್ತಿರ ನಿಂತೆ. ನಿಮ್ಮ ಕಿಟಕಿಯಿಂದ ಗೋಡೆ ಕಾಣುತ್ತದೆ, ಗೋಡೆಯಿಂದ ನಿಮ್ಮ ಕಿಟಕಿ ಕಾಣುತ್ತದೆ. ಈ ನಡುವಿನ ರಸ್ತೆಯನ್ನು ಎಮ್ಮೆಗಳು ದಾಟುತ್ತವೆ, ಚಕ್ಕಡಿಗಳು ದಾಟುತ್ತವೆ, ಕಣ್ಣು ಕಾಣದ ಮಹಾದೇವಕ್ಕ ದಾಟುತ್ತಾಳೆ. ಪದನಿಮಿತ್ತ ಅಧ್ಯಕ್ಷರಿಗೆ ಮಾತ್ರ ಅದು ತುಂಗಭದ್ರೆಯಾಯಿತೆ?

ನೀವು ಬೇರೊಬ್ಬನ ಕೈಯಲ್ಲಿ ಕಣ್ಣು ಹಾಕಿಸಲು ನೋಡಿದಿರಿ. ಹಿರೇಕೆರೂರಿನಿಂದ ಬಂದ ಆ ಪೇಂಟರ್ ಗೋಡೆಯನ್ನು ಒಂದು ಸಲ ನೋಡಿ, “ವೀಳ್ಯ ಯಾರು ಕೊಡ್ತಾರ್ರಿ?” ಎಂದು ಕೇಳಿ, ಬಂದ ಬಸ್ಸನ್ನೇ ಹತ್ತಿ ಹೋದ. ಅವನೂ ಯಾವ ಸಂಸ್ಥೆಗೂ ಸೇರಿದವನಲ್ಲ. ಅವನ ಪರಿಚಯ ಕೂಡ ನನಗಿಲ್ಲ.

ಅಷ್ಟರಲ್ಲಿ ಉದ್ಘಾಟನೆಯ ದಿನ ಬಂದಿತು. ಹುಬ್ಬಳ್ಳಿಯ ದೊಡ್ಡ ಡಾಕ್ಟರರು ಜೀಪಿನಿಂದ ಇಳಿದು ಗೋಡೆ ನೋಡಿದರು. “ಇದೇನು, ಕಣ್ಣೇ ಇಲ್ಲ?” ಎಂದರು. “ಆಪರೇಷನ್ನಿಗಿಂತ ಮುಂಚಿನ ಸ್ಥಿತಿ ತೋರಿಸಿದೀವಿ ಸಾರ್” ಎಂದಿರಿ ನೀವು. “ಹಾಗಾದರೆ ಸೂಜಿಗೆ ದಾರ ಹೇಗೆ ಪೋಣಿಸಿದಳು?” ಎಂದರು ಡಾಕ್ಟರು. ನೀವು ಹಾರದ ಬುಟ್ಟಿ ಎಲ್ಲಿ ಎಂದು ಕೂಗಿದಿರಿ.

ಇಲ್ಲಿಯವರೆಗೆ ನಗುವ ಮಾತು. ಮುಂದಿನದು ನಗುವಂಥದ್ದಲ್ಲ. ಸಂತೆಗೆ ಬಂದ ಹಳ್ಳಿಯವರು ಗೋಡೆ ನೋಡಿ ಹೆದರಿದರು. “ಆ ಕ್ಯಾಂಪಿಗೆ ಹೋದ್ರ ಇದ್ದ ಕಣ್ಣೂ ತಗದು ಕಳಸ್ತಾರಂತ, ಚಿತ್ರಾನೂ ಬರದಾರ” ಎಂದು ಸುದ್ದಿ ಹಬ್ಬಿತು. ಇದನ್ನು ಕೇಳಿ ವೀಳ್ಯವಿಲ್ಲದೆಯೇ ಕಣ್ಣು ಬರೆದುಬಿಡೋಣವೆಂದು ಬ್ರಷ್ ಹಿಡಿದು ಗೋಡೆಯ ಹತ್ತಿರ ಹೋದೆ ಕೂಡ. ತಡೆದವಳು ಮಹಾದೇವಕ್ಕ. “ಚಿತ್ರ ಅಂದ್ರ ಮಂದಿ ನಂಬತಾರ, ಮನಶ್ಯಾರು ಅಂದ್ರ ನಂಬೂದಿಲ್ಲೇನು? ನಡಿ, ನನ್ನ ಕರಕೊಂಡ ನಡಿ” ಎಂದು ನನ್ನ ಸೈಕಲ್ಲಿನ ಹಿಂದೆ ಕುಳಿತು ಹಳ್ಳಿ ಹಳ್ಳಿಗೆ ಬಂದಳು. ಕಟ್ಟೆಯ ಮೇಲೆ ಕುಳಿತವರಿಗೆ ಅವಳು ಹೇಳಿದ್ದು ಇಷ್ಟೇ: “ಗ್ವಾಡಿ ಮ್ಯಾಲಿನ ಮಾರಿ ನಂದು. ಮೊದಲ ನಾನ ಹೊಂಟೇನಿ. ನನ್ನ ಕಣ್ಣ ಹೋದ್ರ ನೀವು ಬರಬ್ಯಾಡ್ರಿ, ಬಂದ್ರ ಬರ್ರಿ.” ಅವಳ ಕಣ್ಣು ಬಂದವು. ಜನರೂ ಬಂದರು.

ಸಮಾರೋಪದ ಭಾಷಣದಲ್ಲಿ ನೀವು, ಗೋಡೆಚಿತ್ರದ ಪರಿಣಾಮಕಾರಿ ಪ್ರಚಾರದಿಂದ ಶಿಬಿರ ಯಶಸ್ವಿಯಾಯಿತು ಎಂದಿರಿ. ಅದೇ ವಾರ ಹೊರಟ ಸೂಚನಾಪತ್ರದಲ್ಲಿ, ಅಪೂರ್ಣ ಗೋಡೆಚಿತ್ರದಿಂದ ಶಿಬಿರಕ್ಕೆ ಧಕ್ಕೆಯಾಯಿತು ಎಂದಿದೆ. ಮಾನ್ಯರೇ, ಗೋಡೆ ಒಂದೇ, ಅಧ್ಯಕ್ಷರೂ ಒಬ್ಬರೇ. ಹಾರ ಹಾಕಿಸಿಕೊಳ್ಳುವಾಗ ಚಿತ್ರ ನಿಮ್ಮದು, ತಪ್ಪು ಹೊರಿಸುವಾಗ ನನ್ನದು. ಬಂದೇಸಾಬರು ಹೇಳಿದ್ದು ಇದನ್ನೇ. ಕಣ್ಣು ಬರೆಯುವ ಮೊದಲು ಬಂದು ನೋಡಿ ಹೂಂ ಅನ್ನಿ ಎಂದು ನಿಮ್ಮನ್ನು ಯಾಕೆ ಕರೆದೆ ಎಂಬುದು ಈಗಲಾದರೂ ತಿಳಿಯಿತೆ?

ನಿಮ್ಮ ಪತ್ರ ತನ್ನ ಕೆಲಸ ಚೆನ್ನಾಗಿ ಮಾಡಿದೆ. ಶಿಗ್ಗಾಂವಿಯ ಹೆಡ್‌ಮಾಸ್ತರರು ಈ ವರ್ಷದ ನಾಟಕಕ್ಕೆ ಹಳೆಯ ಪರದೆಯೇ ಸಾಕು ಎಂದು ಹೇಳಿಕಳಿಸಿದ್ದಾರೆ. ಹಿರೇಕೆರೂರಿನ ಸೊಸೈಟಿಯವರು ನನ್ನನ್ನು ಕಂಡರೆ ಒಳಗಿನ ಕೋಣೆಗೆ ಹೋಗುತ್ತಾರೆ. ಹಯಾತರು ಮಾತ್ರ, “ಹುಲಿ ಅದನ ಇರಲಿ, ನೀನೂ ಇರು” ಎಂದಿದ್ದಾರೆ. ಅಪ್ಪ ಅಡತಿ ಅಂಗಡಿಯಲ್ಲಿ ನನಗೊಂದು ಜಾಗ ಕೇಳಿಟ್ಟಿದ್ದಾರೆ, ಚೀಲಗಳ ಮೇಲೆ ನಂಬರು ಬರೆಯುವುದಕ್ಕೆ. ಈ ಸುಗ್ಗಿಯೊಳಗೆ ಕೆಲಸ ಸಿಗದಿದ್ದರೆ ಹೋಗಬೇಕು. ನಂಬರುಗಳಿಗೆ ಕಣ್ಣಿರುವುದಿಲ್ಲ, ವೀಳ್ಯದ ತಂಟೆಯಿಲ್ಲ. ಯಾರ ಕೈಕೆಳಗೆ ಇದ್ದೀ ಎಂದರೆ ಉತ್ತರವೂ ಸಿಗುತ್ತದೆ. ಆದರೆ ನನಗೆ ಅದು ಬೇಡ.

ಮೊನ್ನೆ ಮಹಾದೇವಕ್ಕ ಕಣ್ಣಿಗೆ ಕಟ್ಟಿದ್ದ ಹಸಿರು ಬಟ್ಟೆ ಬಿಚ್ಚಿ, ದಪ್ಪ ಕನ್ನಡಕ ಹಾಕಿಕೊಂಡು ಮೊದಲ ಸಲ ಗೋಡೆ ನೋಡಲು ಬಂದಳು. ಬಹಳ ಹೊತ್ತು ನೋಡಿದಳು.

“ನನಗ ಕಣ್ಣ ಬಂದವು. ಇಕಿಗೆ ಯಾವಾಗೋ?”

“ಕೆಲಸ ಹೇಳಿದವರು ವೀಳ್ಯ ಕೊಡಬೇಕಲ್ಲ, ಅಕ್ಕ.”

“ಅವರ ಕಾಗದದಾಗ ಏನಂತ ಬರದಾರ? ಓದು.”

ಓದಿದೆ. “ಸಾರ್ವಜನಿಕರ ಕೆಲಸ” ಎಂಬಲ್ಲಿ ನಿಲ್ಲಿಸಿದಳು.

“ಸಾರ್ವಜನಿಕರು ಅಂದ್ರ ಯಾರು?”

“ನೀನು, ನಾನು, ಸಂತಿಗೆ ಬರೂ ಮಂದಿ.”

“ಹಂಗಾರ ಕೆಲಸ ಹೇಳಿದಾಕಿ ನಾನ ಆದ್ನಿ. ಎಲಿ ನಾ ಕೊಡ್ತೇನಿ.”

ಮಾನ್ಯರೇ, ನಿಮ್ಮ ರುಜುವಿರುವ ಮಾತನ್ನು ನಾನು ಹೇಗೆ ಅಲ್ಲಗಳೆಯಲಿ? ಆದ್ದರಿಂದ ನನ್ನ ಬೇಡಿಕೆ ಇದು: ಆ ಸೂಚನಾಪತ್ರವನ್ನು ಹಿಂದಕ್ಕೆ ಪಡೆದು, ಹೋದ ಊರುಗಳಿಗೆಲ್ಲ ಅದನ್ನು ತಿಳಿಸಿರಿ. ಬರುವ ಸಂತೆಯೊಳಗೆ ರಸ್ತೆ ದಾಟಿ ಬನ್ನಿರಿ. ಎಲೆ ಸವಣೂರಿನದು, ನಾನೇ ತರುತ್ತೇನೆ. ನೀವು ಬಾರದಿದ್ದರೆ ಸಂತೆಯ ದಿನ ಮಹಾದೇವಕ್ಕ ವೀಳ್ಯ ಕೊಡುತ್ತಾಳೆ, ನಾನು ಕಣ್ಣು ಬರೆಯುತ್ತೇನೆ. ಎಲ್ಲಿ ನಿಂತು ಕೊಡುತ್ತೀ ಎಂದು ಅವಳನ್ನು ಕೇಳಿದೆ. “ಸಾಹೇಬ್ರ ಕಿಟಕಿ ಮುಂದ. ಅಲ್ಲಿ ನೆರಳ ಐತಿ” ಎಂದಳು.

ನೋಟ ಎಲ್ಲಿಗೆ ಇಡಬೇಕೆಂಬ ರೂಢಿಯನ್ನು ಮೇಲೆ ಬರೆದಿದ್ದೇನೆ. ನೀವೇ ಬಂದರೆ ಎಲ್ಲಿ ನಿಲ್ಲಬೇಕೆಂಬುದು ನಿಮ್ಮ ಇಷ್ಟ.

ಇಂತಿ,
ಬ್ರಷ್ಷು ತೊಳೆದಿಟ್ಟುಕೊಂಡು ಗೋಡೆಯ ಬದಿಯಲ್ಲಿ ಕುಳಿತಿರುವ,
ಪದವಿಲ್ಲದೆ ಬರೀ ಕೈನಿಮಿತ್ತ ಪೇಂಟರ್,
ಉಡಚಪ್ಪ