ಇಪ್ಪತ್ತನೆಯ ಗೋಲು

ಮೇ ೧೮, ಭಾನುವಾರ

‘ಇವನೆಲ್ಲಿ ಇಪ್ಪತ್ತು ಗೋಲು ಹೊಡೀತಾನೆ, ಬರೆದುಬಿಡಿ’ ಎಂದೋ, ‘ಬರೆದ್ರೆ ನಮ್ಮ ಗಂಟೇನು ಹೋಗುತ್ತೆ’ ಎಂದೋ ನಮ್ಮ ಕ್ಲಬ್ಬಿನ ಅಧ್ಯಕ್ಷರು ನಕ್ಕಿದ್ದರು. ಲೆಕ್ಕ ನೋಡುವ ನಾನೂ ನಕ್ಕು, ಹೊಸ ಸ್ಟ್ರೈಕರನ ಒಪ್ಪಂದದಲ್ಲಿ ಬರೆದೆ: ಇಪ್ಪತ್ತಾದರೆ ಭಾರಿ ಬೋನಸ್. ಅವನು ಹತ್ತೊಂಬತ್ತು ಹೊಡೆದುಬಿಟ್ಟ. ಇನ್ನೊಂದು ಹೊಡೆದರೆ, ಆ ಹಣ ಹೊಂದಿಸಲು ಜೆರ್ಸಿ ಒಗೆಯುವ ಅಕ್ಕನನ್ನು ಕೆಲಸದಿಂದ ಬಿಡಿಸಬೇಕು. ಅದು ಅವಳಿಗೆ ಗೊತ್ತಿಲ್ಲ.

ಇವತ್ತು ಕೊನೆಯ ಪಂದ್ಯ. ಡ್ರಾ ಆದರೂ ಲೀಗಿನಲ್ಲಿ ಉಳಿಯುತ್ತಿದ್ದೆವು. ಒಂದು–ಒಂದು ಆಗಿರುವಾಗ, ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ನಮಗೆ ಪೆನಾಲ್ಟಿ ಸಿಕ್ಕಿತು. ನನ್ನ ಪಕ್ಕದಲ್ಲಿ ಅಕ್ಕ ಎದ್ದು ನಿಂತು ‘ಹೊಡಿಯೋ ನನ್ನಪ್ಪಾ!’ ಎಂದು ಕೂಗಿದಳು. ಅವನು ಒದ್ದ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಎಲ್ಲರೂ ತಲೆಯ ಮೇಲೆ ಕೈ ಹೊತ್ತರು. ನಾನು ನಿರಾಳವಾಗಿ ಉಸಿರು ಬಿಟ್ಟೆ.

‘ಏನ್ ಸಾರ್, ಎದುರು ತಂಡದೋರ ಥರ ಆಡ್ತೀರಿ! ಪಾಪ, ಮೈದಾನದಲ್ಲಿ ಮಗು ಅಳ್ತಿದೆ ನೋಡಿ’ ಎಂದಳು. ಅವಳೂ ಅಳುತ್ತಿದ್ದಳು.

ಆಮೇಲೆ ಪೆನಾಲ್ಟಿ ಕಳೆದುಕೊಂಡ ನೀನು ಬಂದು ‘ಸಾರಿ ಸಾರ್’ ಎಂದೆ. ನಾನು ನಿನ್ನ ಬೆನ್ನು ತಟ್ಟಿದೆ. ಆ ಕೈ ಸಮಾಧಾನ ಹೇಳುತ್ತಿತ್ತೋ, ಥ್ಯಾಂಕ್ಸ್ ಹೇಳುತ್ತಿತ್ತೋ, ತಮ್ಮಾ, ನಿನಗೆ ತಿಳಿಯಿತೇ?